ಕೆಂಚಮ್ಮನ ರಸಮಟ್ಟ

ನಾನು ಒಂದು ರಸಮಟ್ಟ. ಮನೆ ಕಟ್ಟುವ ಕಡೆ ನೀವು ನನ್ನನ್ನು ನೋಡಿರುತ್ತೀರಿ. ಉದ್ದನೆಯ ಅಲ್ಯೂಮಿನಿಯಂ ಮೈ, ನಡುವೆ ಪುಟ್ಟ ಗಾಜಿನ ಕೊಳವೆ, ಅದರೊಳಗೆ ಹಸಿರು ರಸ. ಯಾವುದೋ ಕಾರ್ಖಾನೆಯಲ್ಲಿ ನನಗೆ ರಸ ತುಂಬಿದವರು ತುಸು ಜಾಗ ಖಾಲಿ ಬಿಟ್ಟರು. ಆ ಖಾಲಿ ಜಾಗವೇ ಗುಳ್ಳೆಯಾಯಿತು, ನನ್ನ ಮಾತೂ ಆಯಿತು. ಗುಳ್ಳೆ ನಡುಗೆರೆಯಲ್ಲಿ ನಿಂತರೆ ನೆಲ ಸಮ. ಸರಿದರೆ ಓರೆ. ಇಷ್ಟು ಬಿಟ್ಟರೆ ನನಗೆ ಬೇರೆ ಮಾತು ಬರುವುದಿಲ್ಲ.

ನನ್ನೊಳಗಿನಿಂದ ನೋಡಿದರೆ ಲೋಕವೆಲ್ಲ ತಿಳಿಹಸಿರು. ಗೋಡೆಗಳು ಕೆರೆಯ ತಳದಲ್ಲಿ ನಿಂತಂತೆ ಕಾಣುತ್ತವೆ, ಮನುಷ್ಯರು ತೇಲಿ ಬಂದು ತೇಲಿ ಹೋಗುತ್ತಾರೆ.

ಮೊದಲು ನನ್ನನ್ನು ಕೊಂಡವನು ಚಳ್ಳಕೆರೆಯ ಓಂಕಾರಪ್ಪ ಮೇಸ್ತ್ರಿ. ಕೈ ಚುರುಕು, ಬಾಯಿ ಇನ್ನೂ ಚುರುಕು. ಗೋಡೆ ಚೆನ್ನಾಗಿ ಬಂದರೆ ಅದು ಅವನ ಕೈಗುಣ. ಬಿರುಕು ಬಿಟ್ಟರೆ ಗಾರೆ ಕಲಸಿದ ಹೆಂಗಸರ ತಪ್ಪು. ಒಂದು ಸಲ ಸಾರವೆಯ ಮೇಲಿಂದ ನಾನು ಕೆಳಗೆ ಬಿದ್ದೆ. ಗಾಜು ಒಡೆಯಲಿಲ್ಲ, ಕೊಳವೆ ಮಾತ್ರ ಒಳಗೊಳಗೇ ಸರಿಯಿತು. ಅಂದಿನಿಂದ ನಾನು ಹೇಳಿದ್ದೆಲ್ಲ ಸುಳ್ಳು. ಓಂಕಾರಪ್ಪ ನನ್ನ ಧೂಳು ಒರೆಸಿ ಚೀಲಕ್ಕೆ ಹಾಕಿಕೊಂಡ. ಪರೀಕ್ಷಿಸಲಿಲ್ಲ. ತನ್ನನ್ನೇ ಅನುಮಾನಿಸದವನು ನನ್ನನ್ನು ಯಾಕೆ ಅನುಮಾನಿಸುತ್ತಾನೆ?

ಗಾರೆ ಹೊರುವವರಲ್ಲಿ ಕೆಂಚಮ್ಮ ಎಂಬುವಳಿದ್ದಳು. ತಲೆಯ ಮೇಲೆ ಬಾಂಡ್ಲಿ, ಕಣ್ಣು ಮಾತ್ರ ಮೇಸ್ತ್ರಿ ಗಾರೆ ಮೆತ್ತುವ ಕರಣಿಯ ಮೇಲೆ. ಎಷ್ಟು ವರ್ಷ ಹೊತ್ತರೂ ಹೆಂಗಸಿನ ಕೈಗೆ ಕರಣಿ ಬರುವುದಿಲ್ಲ. ಗಂಡಸಾದರೆ ನಾಲ್ಕು ತಿಂಗಳಿಗೇ ಗೋಡೆ ಮುಟ್ಟುತ್ತಾನೆ. ಯಾವ ನ್ಯಾಯ ಇದು? ಗಾಜಿನೊಳಗೆ ನನ್ನ ರಸ ಕುದಿಯುತ್ತಿತ್ತು.

ನರ್ಸ್ ಪುಷ್ಪಾವತಿಯವರ ಮನೆ ಕಟ್ಟುವಾಗ ಓಂಕಾರಪ್ಪ ಇನ್ನೊಂದು ಕೆಲಸವನ್ನೂ ಒಪ್ಪಿಕೊಂಡು ಅತ್ತ ಓಡಾಡುತ್ತಿದ್ದ. ಬಚ್ಚಲಿನ ನೆಲ ಹಾಗೇ ಉಳಿದಿತ್ತು. ತಾನು ಹಾಕಲೇ ಎಂದು ಕೆಂಚಮ್ಮ ಕೇಳಿದಳು. ಅವನು ನಕ್ಕು, ನನ್ನನ್ನು ಅವಳ ಕೈಗೆಸೆದ.

"ಹಾಕು. ನೀರು ತೂತಿನ ಕಡೆ ಹೋದ್ರೆ ಕರಣಿ ನಿಂದು. ನಿಂತ್ರೆ ಸಾಯೋ ತಂಕ ಬಾಂಡ್ಲಿ."

ಅವಳು ಹಾಕಿದಳು. ನನ್ನ ಗುಳ್ಳೆಯನ್ನು ದೇವರಂತೆ ನಂಬಿದಳು. ಸುಳ್ಳು ಹೇಳುತ್ತಿದ್ದೇನೆ ಎನ್ನಲು ನನಗೆ ಬಾಯಿ ಎಲ್ಲಿದೆ?

ನೆಲ ಗಟ್ಟಿಯಾದ ಮೇಲೆ ಒಬ್ಬಳೇ ಬಂದು ಒಂದು ಕೊಡ ನೀರು ಸುರಿದಳು. ನೀರು ಬಾಗಿಲ ಹಿಂದಿನ ಮೂಲೆಗೆ ಹೋಗಿ ನಿಂತಿತು. ಅದರಲ್ಲಿ ಕಿಟಕಿಯ ಆಕಾಶ ಅಲುಗಾಡುತ್ತಿತ್ತು. ಕೆಂಚಮ್ಮ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತು ನೋಡಿದಳು. ಆಮೇಲೆ ನನ್ನನ್ನು ನೆಲದ ಮೇಲಿಟ್ಟಳು, ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ ಅದೇ ಜಾಗದಲ್ಲಿ ಮತ್ತೆ ಇಟ್ಟಳು. ನೆಲ ಒಂದೇ, ಗುಳ್ಳೆ ನಿಂತ ಜಾಗ ಬೇರೆ. ನನ್ನ ಸುಳ್ಳು ಸಿಕ್ಕಿಬಿತ್ತು.

ಮೂಲೆಗೆ ತೆಳ್ಳಗೆ ಸಿಮೆಂಟು ಸವರಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆ ಒಕ್ಕಲಾಗುವವರೆಗಾದರೂ ಆ ತೇಪೆ ಉಳಿಯುತ್ತಿತ್ತು. ಅವಳು ಸವರಲಿಲ್ಲ. ಸಂಜೆ ಓಂಕಾರಪ್ಪನನ್ನೂ ಪುಷ್ಪಾವತಿಯವರನ್ನೂ ಕರೆದು, ಅವರ ಮುಂದೆಯೇ ಮತ್ತೊಂದು ಕೊಡ ಸುರಿದಳು.

"ನೀರು ನಿಂತೈತೆ, ನೀನ್ಯಾಕೆ ನಿಂತಿದೀಯ? ಬಾಂಡ್ಲಿ ಎತ್ತು," ಎಂದ ಓಂಕಾರಪ್ಪ.

ರಸಮಟ್ಟ ಕೆಟ್ಟಿತ್ತು ಎಂದು ಅವಳು ತಪ್ಪನ್ನು ನನ್ನ ಮೇಲೆ ಹಾಕಬಹುದಿತ್ತು. ನಿಜವೂ ಅದೇ.

"ರಸಮಟ್ಟ ತಿರುಗ್ಸಿ ನೋಡಿ ನಂಬಬೇಕಿತ್ತು ಸಿಸ್ಟರಮ್ಮ, ನೋಡ್ಲಿಲ್ಲ," ಎಂದಳು. "ತಪ್ಪು ನಂದೇ. ಒಡೆದು ಮತ್ತೆ ಹಾಕ್ತೀನಿ. ಅದರ ಕೂಲಿ ಬ್ಯಾಡ."

ಪುಷ್ಪಾವತಿ ನಿಂತ ನೀರನ್ನೇ ನೋಡುತ್ತಿದ್ದರು. "ನಮ್ಮ ವಾರ್ಡಲ್ಲಿ ತಪ್ಪಾಯ್ತು ಅಂತ ತಾನಾಗೇ ಬಂದು ಹೇಳೋರು ಸಿಗೋದೇ ಕಷ್ಟ ಓಂಕಾರಪ್ಪ. ಒಡೀಲಿ, ಹಾಕ್ಲಿ. ಅಡಿಗೆಮನೆ ನೆಲನೂ ಇವಳೇ ಹಾಕ್ಲಿ."

ಓಂಕಾರಪ್ಪ ಬೀಡಿ ಹುಡುಕುತ್ತಾ ಹೊರಗೆ ಹೋದ. ನನ್ನನ್ನು ವಾಪಸು ಕೇಳಲೇ ಇಲ್ಲ, ನಾನು ಕೆಂಚಮ್ಮನ ಬಳಿಯೇ ಉಳಿದೆ.

ಅವಳು ತಾನು ಹಾಕಿದ ನೆಲವನ್ನು ತಾನೇ ಉಳಿಯಿಂದ ಒಡೆದಳು. ಪ್ರತಿ ಸಲ ನನ್ನನ್ನು ಎರಡೂ ಕಡೆ ತಿರುಗಿಸಿಟ್ಟು, ನನ್ನ ಎರಡು ಸುಳ್ಳುಗಳ ನಡುವಿನಿಂದ ನಿಜ ತೆಗೆದಳು. ಈ ಸಲ ನೀರು ಎಲ್ಲೂ ತಡೆಯದೆ, ನಿದ್ದೆಗಣ್ಣಲ್ಲಿ ನಡೆಯುವವರಂತೆ ಮೆಲ್ಲಗೆ ತೂತಿನ ಕಡೆ ಹೋಯಿತು.

ಕೈಚಳಕದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತನ್ನ ಕೆಲಸದ ಮೇಲೆ ತಾನೇ ಕೊಡ ನೀರು ಸುರಿದು ನೋಡುವ ಎದೆ ಎಲ್ಲರಿಗೂ ಇರುವುದಿಲ್ಲ.

ಈಗ ನನಗೆ ವಯಸ್ಸಾಗಿದೆ. ಕೆಂಚಮ್ಮ ಹೊಸ ರಸಮಟ್ಟ ಕೊಂಡಿದ್ದಾಳೆ. ಅದನ್ನೂ ತಿರುಗಿಸಿ ನೋಡಿಯೇ ಕೆಲಸಕ್ಕೆ ಇಳಿಯುತ್ತಾಳೆ. ನಾನು ಅವಳ ಮನೆಯ ಕಿಟಕಿಯಲ್ಲಿ ಅರೆನಿದ್ದೆಯಲ್ಲಿರುತ್ತೇನೆ. ಬೆಳಗಿನ ಬಿಸಿಲು ನನ್ನನ್ನು ದಾಟಿ ಗೋಡೆಯ ಮೇಲೆ ಹಸಿರಾಗಿ ತೂಗುತ್ತದೆ. ಆ ಹೊತ್ತಿಗೆ ಅವಳ ಕೈಕೆಳಗಿನ ಹೆಂಗಸರು ಬಾಗಿಲಲ್ಲಿ ನಿಂತು, "ಮೇಸ್ತ್ರಿ, ಹೊತ್ತಾಯ್ತು," ಎಂದು ಕರೆಯುತ್ತಾರೆ. ಮೊದಲ ಸಲ ಆ ಕರೆ ಕೇಳಿದಾಗ ಓಂಕಾರಪ್ಪ ಬಂದನೇನೋ ಎಂದು ಅವಳು ಹಿಂದಕ್ಕೆ ತಿರುಗಿ ನೋಡಿದ್ದಳು. ಈಗ ನೋಡುವುದಿಲ್ಲ. ಚಪ್ಪಲಿ ಮೆಟ್ಟಿ ಹೊರಡುತ್ತಾಳೆ.