ಮೂವತ್ತು ಮನೆಗಳ ನೀರು

ಕಮಲಾಪುರದ ಆ ಓಣಿಯಲ್ಲಿ ಮಕ್ಕಳಿಗೆ ವಾಂತಿಭೇದಿ ನಿಲ್ಲುತ್ತಿರಲಿಲ್ಲ. ನಳದ ನೀರೇ ಕೆಟ್ಟಿದೆ ಎಂದು ಸಾಬೀತಾದರೆ ಹಳೆಯ ಪೈಪು ಕಿತ್ತು ಹೊಸದು ಹಾಕುತ್ತಾರೆ. ಇಲ್ಲವಾದರೆ ಹೊಸ ಪೈಪು ಬೇರೆ ಊರಿಗೆ ಹೋಗುತ್ತದೆ. ಪರೀಕ್ಷೆಯ ಕೆಲಸ ಕಲಬುರಗಿಯ ಕಪನೂರಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ಬಂತು, ಅಲ್ಲಿಂದ ಮುಬಶ್ಶಿರಾಳ ಕೈಗೆ. ಅದೇ ಊರಿನ ರೋಜಾ ಬಡಾವಣೆಯ ಹುಡುಗಿ, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ., ಮಾತು ಕಡಿಮೆ.

ಎಲ್ಲ ಮನೆಗಳ ನೀರು ನೋಡುವಷ್ಟು ಬಾಟಲಿಗಳಿರಲಿಲ್ಲ. ಚೀಟಿ ಎತ್ತಿ ಮೂವತ್ತು ಮನೆ ಆರಿಸಿದಳು. ಚೀಟಿಗೆ ಯಾರ ಮುಲಾಜೂ ಇಲ್ಲ. ಹಾಗೆ ಬಂದ ಮನೆಗಳು ಇಡೀ ಓಣಿಯ ಪರವಾಗಿ ಮಾತಾಡುತ್ತವೆ ಎಂಬುದು ಅವಳು ಓದಿದ ವಿದ್ಯೆ. ಅವಳು ಹೋದ ದಿನ ನಳದಲ್ಲಿ ನೀರು ಬಂದಿರಲಿಲ್ಲ. ಬಾಗಿಲಲ್ಲಿ ನಿಂತು, ತುಂಬಿಟ್ಟ ನೀರು ಕೇಳಿದಳು. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ. ಹೆಸರು ಹೇಳಿದ ಮೇಲೆ ಬೀಳುವ ಆ ಸಣ್ಣ ಮೌನ ಅವಳಿಗೆ ಹೊಸದಲ್ಲ. ಹೊಸ್ತಿಲು ದಾಟಲಿಲ್ಲ. ಹೆಂಗಸರು ಬಾಟಲಿ ಒಳಗೊಯ್ದು, ತುಂಬಿ, ಸೆರಗಿನಿಂದ ಒರೆಸಿ ತಂದುಕೊಟ್ಟರು.

ಪರೀಕ್ಷೆಯ ರೀತಿ ನ್ಯಾಯಾಲಯದ್ದೇ. ನೀರು ನಿರ್ದೋಷಿ ಎಂದೇ ಶುರು ಮಾಡಬೇಕು. ಮೂವತ್ತರಲ್ಲಿ ಎರಡು ಬಾಟಲಿ ಮಾತ್ರ ಕೆಟ್ಟಿದ್ದವು. ನೀರು ಚೊಕ್ಕವಿದ್ದರೂ ಕೈಕೊಳೆ, ಮುಚ್ಚಳದ ಕೊಳೆಯಿಂದ ಅಷ್ಟು ಕೆಡುವ ಸಂಭವ ನೂರಕ್ಕೆ ಇಪ್ಪತ್ತರ ಮೇಲಿತ್ತು. ಐದಕ್ಕಿಂತ ಕೆಳಗಿಳಿದಿದ್ದರೆ ಮಾತ್ರ ನೀರಿನ ಮೇಲೆ ತಪ್ಪು ಹೊರಿಸಬಹುದಿತ್ತು.

"ನೀರು ಚಲೋ ಅದ ಅಂತ ಬರದು ಮುಗಸು," ಅಂದರು ಮೇಲಿನವರಾದ ಹಣಮಂತರಾಯ.

"ಚಲೋ ಅದ ಅಂತ ಅಲ್ರೀ ಸರ್. ಕೆಟ್ಟದ ಅನ್ನಾಕ ಪುರಾವೆ ಸಾಲವಲ್ದು, ಅಷ್ಟೇ."

"ತಂಗಿ, ಈ ಎರಡರ ನಡುವಿನ ಎಳಿ ನಿನಗ ಕಾಣ್ತದ. ಪೈಪು ಹಾಕೋ ಆಫೀಸಿನ್ಯಾಗ ಚಷ್ಮಾ ಹಾಕ್ಕೊಂಡರೂ ಯಾರಿಗೂ ಕಾಣಂಗಿಲ್ಲ."

ಅವಳು ತನ್ನ ವಾಕ್ಯವನ್ನೇ ಬರೆದಳು. ಆದರೂ ಮನಸ್ಸಿಗೆ ಸಮಾಧಾನವಾಗದೆ, ರಜೆಯ ದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದಳು.

ಓಣಿಯ ಮೊದಲ ಮನೆ ಭಾಗಮ್ಮನದು. ಆಕೆ ಗುರುತು ಹಿಡಿದು, ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟಳು. ಒಂದು ಗುಟುಕು ಕುಡಿದವಳೇ, ನಳದ ರುಚಿಯಲ್ಲ ಅನ್ನಿಸಿ, ಮುಬಶ್ಶಿರಾ ಲೋಟ ಕೆಳಗಿಟ್ಟಳು.

"ಇದು ನಳದ್ದೇನ್ರೀ?"

"ಅಯ್ಯ, ಬಂದೋರಿಗಿ ನಳದ್ದು ಕೊಡ್ತಾರೇನವ್ವ? ಕ್ಯಾನ್ ನೀರದು. ಬಂದೋರಿಗಂತೇ ತರಸ್ತೀವಿ. ನಾವು ಕುಡಿಯೋದು ನಳದ್ದೇ."

"ಅವತ್ತು ನನ್ನ ಬಾಟಲಿಗಿ?"

"ಅದಕ್ಕೂ ಇದೇ. ಕಲಬುರಗಿತನಕ ಒಯ್ತೀಯಂತ, ಹೊಲಸು ನೀರು ತುಂಬಿ ಕೊಟ್ಟು ಓಣಿ ಮಾನ ಕಳೀಲೇನು?"

ಮುಬಶ್ಶಿರಾ ಮನೆಮನೆಗೆ ಹೋಗಿ ಕೇಳಿದಳು. ಎಲ್ಲ ಕಡೆ ಅದೇ ಉತ್ತರ, ಅದೇ ನಗು. ಎರಡು ಮನೆಯವರು ಮಾತ್ರ ನಾಚಿಕೊಂಡರು. ಅವತ್ತು ಕ್ಯಾನ್ ಖಾಲಿಯಾಗಿತ್ತು, ನಳದ್ದೇ ಕೊಟ್ಟೆವು, ತಪ್ಪು ತಿಳಿಯಬ್ಯಾಡ್ರಿ ಅಂದರು. ಕೆಟ್ಟಿದ್ದ ಬಾಟಲಿಗಳು ಆ ಎರಡೇ ಮನೆಯವು. ಅಂದರೆ ನಳದ ನೀರಿದ್ದ ಬಾಟಲಿ ಒಂದೂ ಕೆಡದೆ ಉಳಿದಿರಲಿಲ್ಲ.

ಅಲ್ಲಿಂದಲೇ ಹಣಮಂತರಾಯರಿಗೆ ಫೋನ್ ಮಾಡಿದಳು. ವಿಷಯ ಪೂರ್ತಿ ಹೇಳಿದಳು.

"ಪೈಪು ಬ್ಯಾರೆ ಊರಿಗಿ ಬರದು ಆಗ್ಯಾದ ತಂಗಿ. ಮತ್ತ ನೀರು ತಗೀಬೇಕಂದ್ರ ಮ್ಯಾಲಿಂದ ಹುಕುಂ ಬೇಕು. ಅರ್ಜಿ ಕೊಡೋಣು. ಯಾವಾಗ ಬರ್ತದ, ನಾ ಹೆಂಗ ಹೇಳಲಿ?"

ತಿರುಗಿ ಬಸ್ ನಿಲ್ದಾಣಕ್ಕೆ ಬಂದಾಗ ಭಾಗಮ್ಮ ಕಲಬುರಗಿಗೆ ಹೊರಟು ನಿಂತಿದ್ದಳು. ಮೊಮ್ಮಗಳು ಅಲ್ಲಿ ಆಸ್ಪತ್ರೆಯಲ್ಲಿದ್ದಾಳೆ, ಭೇದಿ ಮತ್ತೆ ಜೋರಾಗಿದೆ. ಕೈಯಲ್ಲಿ ಬಾಟಲಿ.

"ಅದರಾಗ ಯಾವ ನೀರದ ಆಯಿ?"

"ನಳದ್ದು. ಮೊದಲ ಕಾಸಿ ಕುಡಸ್ತಿದ್ದೆ. ನೀರು ಶುದ್ಧ ಅದ ಅಂತ ಪಂಚಾಯ್ತ್ಯಾಗ ಕಾಗದ ಹಚ್ಚಿದ ಮ್ಯಾಲ ಕಾಸೋದು ಬಿಟ್ಟೀನಿ. ಗ್ಯಾಸ್ ಏನು ಪುಕ್ಕಟೆ ಬರ್ತದೇನು?"

"ಕುಡಸಬ್ಯಾಡ್ರಿ. ಆ ನೀರೇ ಕೆಟ್ಟದ."

ಭಾಗಮ್ಮ ಅವಳ ಮುಖವನ್ನೇ ನೋಡಿದಳು.

"ನೋಡಿ ಹೇಳಿದಾಕಿ ನೀನೇ ಅಂತಲ್ಲವ್ವ. ಈಗ ನೀನೇ ಬ್ಯಾಡ ಅಂತಿ. ಯಾವ ಮಾತು ಹಿಡೀಲಿ?"

ಬಸ್ಸು ಬಂತು. ಮುಬಶ್ಶಿರಾ ಬಾಟಲಿಗೆ ಕೈ ಚಾಚಿದಳು. ಭಾಗಮ್ಮ ಅದನ್ನು ಸೆರಗಿನೊಳಗೆ ಎಳೆದುಕೊಂಡು ಮೆಟ್ಟಿಲು ಹತ್ತಿದಳು.