ಅತ್ತೆ ಬಿಚ್ಚಿ ಹೊಲಿದ ಬ್ಯಾಗು

ಅತ್ತೆ ಸೊಸೆಗೆ ಆಗಿಬರುವುದಿಲ್ಲ ಎನ್ನುವವರು ಈ ಮನೆಗೆ ಒಮ್ಮೆ ಬಂದು ನೋಡಬೇಕು. ಇಲ್ಲಿ ಅವರಿಬ್ಬರ ತೊಂದರೆಯೇ ಬೇರೆ. ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಅಷ್ಟು ಒಳ್ಳೆಯತನದಿಂದ ಒಬ್ಬ ಮೋಸಗಾರನ ಜೇಬು ತುಂಬುವುದರಲ್ಲಿತ್ತು. ಹೇಗೆಂದು ಹೇಳುತ್ತೇನೆ, ಕೇಳಿ.

ಅತ್ತೆ ಟೇಲರ್. ರಸ್ತೆಗೆ ತೆರೆದ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮೆಷಿನ್, ಗೋಡೆಯ ಮೊಳೆಗಳಲ್ಲಿ ಜಿಪ್ಪುಗಳ ಗೊಂಚಲು, ಮೂಲೆಯಲ್ಲಿ ಇಸ್ತ್ರಿ ಮೇಜು. ಬೀದಿಯಲ್ಲಿ ಎಲ್ಲರಿಗೂ ಅವರು ಟೇಲರಮ್ಮ. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಮಗ ಲಾರಿ ಓಡಿಸುತ್ತಾನೆ. ಲೋಡು ಹೊತ್ತು ಎಲ್ಲೋ ದೂರದಲ್ಲಿದ್ದಾನೆ, ಈ ಕಥೆಗೆ ಅವನ ಅಗತ್ಯವೂ ಇಲ್ಲ.

ಸೊಸೆ ನರ್ಸಾದದ್ದು ಅತ್ತೆಯಿಂದ. ಹೆರಿಗೆಯಾದ ಮೇಲೆ ಅವಳ ಓದು ಅರ್ಧಕ್ಕೆ ನಿಂತಿತ್ತು. ಇನ್ನು ಓದಿದಂತೆಯೇ ಎಂದು ಅವಳು ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದ್ದಳು. ಅತ್ತೆ ಅವನ್ನು ತಾವೇ ಕೆಳಗಿಳಿಸಿ, ಧೂಳು ಕೊಡವಿ, ಕೂಸನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಮಗು ಮೆಷಿನ್ ಸದ್ದಿಗೆ ಒಗ್ಗಿ, ಸದ್ದು ನಿಂತರೆ ಸಾಕು ಎದ್ದು ಅಳುತ್ತಿತ್ತು. ಹಾಗಾಗಿ ಹೊಲಿಯಲು ಬಟ್ಟೆ ಇಲ್ಲದಾಗಲೂ ಅತ್ತೆ ಖಾಲಿ ಮೆಷಿನ್ ತುಳಿಯುತ್ತ ಕೂರುತ್ತಿದ್ದರು. ಒಳಕೋಣೆಯಲ್ಲಿ ಓದುತ್ತಿದ್ದ ಸೊಸೆಗೆ ಆ ಸದ್ದು ಕೇಳುತ್ತಿತ್ತು. ಈ ಋಣವನ್ನು ಹೇಗಾದರೂ ಒಂದಿಷ್ಟು ತೀರಿಸಬೇಕು ಎಂಬುದು ಅವಳ ಮನಸ್ಸಿನಲ್ಲೇ ಇತ್ತು.

ಒಂದು ದಿನ ಕೋಟು ಸಣ್ಣ ಮಾಡಿಸಲು ಬಂದ ಹೆಂಗಸೊಬ್ಬರು ತಮ್ಮ ಹ್ಯಾಂಡ್‌ಬ್ಯಾಗನ್ನು ಇಸ್ತ್ರಿ ಮೇಜಿನ ಮೇಲಿಟ್ಟರು. ದೊಡ್ಡ ಕಂಪನಿಯ ಬ್ಯಾಗು. ಅತ್ತೆ ಕೋಟಿನ ಅಳತೆ ತೆಗೆಯುವುದನ್ನೇ ಮರೆತು ಅದರ ಹಿಡಿಕೆಯ ಹೊಲಿಗೆಯನ್ನು ನೋಡುತ್ತ ನಿಂತರು. ಆಮೇಲೆ ಸೊಸೆಯ ಹತ್ತಿರ, “ಅದನ್ನ ಹೊಲಿದ ಕೈಗೆ ಕೈಮುಗೀಬೇಕು ಕಣೆ,” ಎಂದರು. ಅಷ್ಟೇ. ಬೇಕು ಅನ್ನಲಿಲ್ಲ, ಆಸೆಯೂ ತೋರಿಸಲಿಲ್ಲ. ಆದರೆ ಸೊಸೆ ಅಂದೇ ಫೋನಿನಲ್ಲಿ ಹುಡುಕತೊಡಗಿದಳು. ಹೊಸದು ಕೈಗೆ ಎಟುಕುವಂಥದ್ದಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಕಷ್ಟಪಟ್ಟು ಕೊಳ್ಳಬಹುದಿತ್ತು.

ಅವಳ ಅದೃಷ್ಟಕ್ಕೆ ನಾದಿನಿ ಅದೇ ಕಸುಬಿನವಳು. ಬಳಸಿದ ಸಾಮಾನು ಕೊಂಡು ಮಾರುವ ಒಂದು ಕಂಪನಿಯಲ್ಲಿ, ಬಂದ ಮಾಲನ್ನು ಪರೀಕ್ಷಿಸುವ ಕೋಣೆಯಲ್ಲಿ ಅವಳ ಕೆಲಸ. ರಜೆಗೆ ಅಮ್ಮನನ್ನು ನೋಡಲು ಬಂದಾಗ ಸೊಸೆ ಅವಳನ್ನು ಅಡುಗೆಮನೆಗೆ ಎಳೆದು ಗುಟ್ಟಾಗಿ ಫೋನು ತೋರಿಸಿದಳು. ಬೇರೊಂದು ಆ್ಯಪಿನಲ್ಲಿ ಯಾರೋ ಮಾರಲಿಟ್ಟ ಬ್ಯಾಗು, ಥೇಟ್ ಅತ್ತೆ ನೋಡಿದಂಥದ್ದೇ. ಫೋಟೋ ಚೆನ್ನಾಗಿದೆ, ಜೊತೆಗೆ ಬಿಲ್ಲೂ ಇದೆ. ಇನ್ನೇನು ಬೇಕು ಎಂದು ಸೊಸೆ ಕೇಳಿದಳು.

“ಬೆಳ್ಳಗಿರೋದೆಲ್ಲ ಹಾಲಲ್ಲ ಅತ್ತಿಗೆ. ಫೋಟೋ ಯಾರದ್ದೋ ಬ್ಯಾಗಿಂದು ಕದ್ದು ಹಾಕಿರ್ತಾರೆ. ಬಿಲ್ಲನ್ನೂ ಪ್ರಿಂಟ್ ಮಾಡ್ತಾರೆ. ಬ್ಯಾಗಿನ ಪಕ್ಕ ಒಂದು ಚಮಚ ಇಟ್ಟು ಹೊಸ ಫೋಟೋ ತೆಗೆದು ಕಳ್ಸಿ ಅಂತ ಕೇಳು. ಬ್ಯಾಗ್ ಅವರ ಕೈಲಿದ್ರೆ ತಾನೇ ಚಮಚ ಇಡೋದು?”

ಸೊಸೆಗೆ ಸಂಕೋಚ. ಹಾಗೆಲ್ಲ ಕೇಳಿದರೆ ಅವರನ್ನು ಕಳ್ಳರು ಅಂದಹಾಗೆ ಆಗುವುದಿಲ್ಲವೇ, ಪಾಪ, ಎಂದಳು.

“ಇಂಜೆಕ್ಷನ್ ಕೊಡೋ ಮುಂಚೆ ಬಾಟಲಿ ಮೇಲಿನ ಹೆಸರು ಓದ್ತೀಯ ತಾನೇ? ಅದರಿಂದ ಔಷಧಿ ಕಂಪನಿಯೋರಿಗೆ ಬೇಜಾರಾಗುತ್ತಾ?” ಎಂದಳು ನಾದಿನಿ.

ಸೊಸೆ ನಕ್ಕಳು. ಆದರೂ ಅರ್ಧ ಮನಸ್ಸಿನಿಂದಲೇ ಮಾರುವವನಿಗೆ ಚಮಚದ ಫೋಟೋ ಕಳಿಸಿ ಎಂದು ಬರೆದಳು. ಮಾರುವವನು ತಾನು ಊರಲ್ಲಿಲ್ಲ, ಬ್ಯಾಗನ್ನು ಆಗಲೇ ಕಟ್ಟಿಟ್ಟಾಗಿದೆ ಎಂದ. ಕಳ್ಳನಿಗೊಂದು ಪಿಳ್ಳೆ ನೆವ ಎಂಬುದು ಅವಳಿಗೆ ಹೊಳೆಯಲಿಲ್ಲ. ಅವನು ಇನ್ನೊಂದು ಮಾತೂ ಸೇರಿಸಿದ: ಆ್ಯಪಿನಲ್ಲಿ ಬೇಡ, ನೇರವಾಗಿ ನನ್ನ ಖಾತೆಗೆ ಹಾಕಿ, ದರ ಇಳಿಸುತ್ತೇನೆ. ಸೊಸೆಯ ಬೆರಳು ಆ ಕಡೆಗೂ ಹೋಗಿತ್ತು. ನಾದಿನಿ ಫೋನನ್ನೇ ಕಸಿದುಕೊಂಡಳು. ಆ್ಯಪಿನ ಒಳಗೇ ಕೊಟ್ಟರೆ, ಬ್ಯಾಗು ಸರಿಯಿದೆ ಎಂದು ನಾವು ಒಪ್ಪುವವರೆಗೆ ಹಣ ಆ್ಯಪಿನವರ ಹತ್ತಿರವೇ ಇರುತ್ತದೆ. ಹೊರಗೆ ಕೊಟ್ಟರೆ ನೀರಿಗೆ ಹಾಕಿದ ಹಾಗೆ ಎಂದು ಬಿಡಿಸಿ ಹೇಳಿದಳು. ಆ ಧೈರ್ಯದ ಮೇಲೆ ಸೊಸೆ ಆ್ಯಪಿನ ಒಳಗೇ ಹಣ ಕಟ್ಟಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೊಂದು ಮಾತು ಹೇಳಿದಳು. ಪಾರ್ಸೆಲ್ ಬಂದಾಗ ಮೇಲಿನ ವಿಳಾಸದ ಚೀಟಿಯಿಂದ ಶುರುಮಾಡಿ, ಎಲ್ಲೂ ನಿಲ್ಲಿಸದೆ, ಬಿಚ್ಚುವುದನ್ನೆಲ್ಲ ವಿಡಿಯೋ ಮಾಡಬೇಕಂತೆ. ಚೀಲ ಬಿಚ್ಚೋದೂ ಒಂದು ಸಿನಿಮಾನಾ ಎಂದು ಸೊಸೆ ಗೇಲಿ ಮಾಡಿದಳು.

ಗೇಲಿ ಮಾಡಿದರೂ ಪಾರ್ಸೆಲ್ ಬಂದಾಗ ಹೇಳಿದ್ದನ್ನು ಮಾಡಿದಳು. ಫೋನನ್ನು ದಾರದ ಡಬ್ಬಿಗೆ ಒರಗಿಸಿಟ್ಟು, ಚೀಟಿ ತೋರಿಸಿ, ಕಟ್ಟು ಬಿಚ್ಚಿ, ಬ್ಯಾಗನ್ನು ನಾಲ್ಕೂ ಕಡೆ ತಿರುಗಿಸಿ, ಆಮೇಲೆ ಅತ್ತೆಯ ಕೈಗೆ ಕೊಟ್ಟಳು. ಮೊಮ್ಮಗಳು ಕುಣಿದಳು. ಅತ್ತೆ ಹಿಡಿಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಹೆಬ್ಬೆರಳು ಒಂದು ಕಡೆ ನಿಂತಿತು. ಆಮೇಲೆ ಮುಖವೆಲ್ಲ ನಗೆ ಮಾಡಿಕೊಂಡು, ಇಷ್ಟೆಲ್ಲ ಯಾಕೆ ಮಾಡಲು ಹೋದೆ ಎಂದು ಸೊಸೆಯ ತಲೆ ಸವರಿದರು. ಅತ್ತೆಗೆ ಬಹಳ ಸಂತೋಷವಾಗಿದೆ ಎಂದುಕೊಂಡು ಸೊಸೆ ಹಿಗ್ಗಿದಳು.

ಜೀವಮಾನವೆಲ್ಲ ಹೊಲಿದ ಕೈಗೆ ಗೊತ್ತಾಗದೆ ಇರುತ್ತದೆಯೇ? ಹಿಡಿಕೆಯ ಹೊಲಿಗೆ ಓರೆಯಾಗಿತ್ತು, ಒಂದು ಕಡೆ ದಾರ ತಪ್ಪಿ ಹೋಗಿತ್ತು. ಅಂಗಡಿಗೆ ಬಂದಿದ್ದ ಆ ಬ್ಯಾಗಿಗೂ ಇದಕ್ಕೂ ಅಜಗಜಾಂತರ. ಆದರೆ ಸೊಸೆಯ ಮುಖ ನೋಡಿ ಅವರು ಅದನ್ನು ನುಂಗಿಕೊಂಡರು. ಮಾರನೆಯ ದಿನ ಅವಳು ಡ್ಯೂಟಿಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಹಿಡಿಕೆಯ ಹೊಲಿಗೆಯನ್ನು ಪೂರ್ತಿ ಬಿಚ್ಚಿ, ದಪ್ಪ ಸೂಜಿಯಲ್ಲಿ ಕೈಯಿಂದಲೇ ನೀಟಾಗಿ ಹೊಲಿದರು. ಟೇಲರ್ ಆದವರು ಮಾತ್ರ ಮಾಡಬಹುದಾದ ತಪ್ಪು ಇದು. ಬೇರೆಯವರಾಗಿದ್ದರೆ ಓರೆ ಹೊಲಿಗೆಯನ್ನು ಹಾಗೇ ಬಿಡುತ್ತಿದ್ದರು.

ಅದರ ಮರುದಿನ ಬೆಳಿಗ್ಗೆ ಆ್ಯಪಿನಿಂದ ಸೊಸೆಗೆ ಪ್ರಶ್ನೆ ಬಂತು: ವಸ್ತು ಸರಿಯಾಗಿದೆಯೇ? ಹೌದು ಎಂದು ಒತ್ತಿದರೆ ಹಣ ಮಾರಿದವನಿಗೆ ಹೋಗುತ್ತದೆ. ಸಂಜೆಯೊಳಗೆ ಏನೂ ಹೇಳದಿದ್ದರೂ ಹೋಗುತ್ತದೆ. ಚಹಾ ಕುಡಿಯುತ್ತ ಅವಳು ಒತ್ತಬೇಕು, ಅಷ್ಟರಲ್ಲಿ, ಬ್ಯಾಗು ಬಂದ ಸುದ್ದಿ ಕೇಳಿ ಊರಿಂದ ಹೊರಟಿದ್ದ ನಾದಿನಿ ಒಳಗೆ ಬಂದಳು. ಮೊದಲು ನಾನು ನೋಡುತ್ತೇನೆ ತಾಳು ಎಂದು ಬ್ಯಾಗನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಜಿಪ್ಪಿನ ಮೇಲಿನ ಅಕ್ಷರ ಕಲಸಿಹೋಗಿತ್ತು. ಒಳಗಿನಿಂದ ಗೋಂದಿನ ವಾಸನೆ. ಕೊನೆಗೆ ಹಿಡಿಕೆ ನೋಡಿದಳು. ನೋಡಿ, ಅಮ್ಮನ ಕಡೆ ತಿರುಗಿದಳು.

“ಅಮ್ಮ, ಇದು ನಿನ್ನ ಹೊಲಿಗೆ. ನನ್ನ ಸ್ಕೂಲ್ ಬ್ಯಾಗ್ ತುಂಬ ಇದೇ ಹೊಲಿಗೆ ಇತ್ತು.”

ಅತ್ತೆ ಸೆರಗಿನಲ್ಲಿ ಇಲ್ಲದ ನೂಲನ್ನು ಕೀಳುತ್ತ ಕೂತರು. ಸೊಸೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

“ಹೇಳ್ಬಹುದಿತ್ತಲ್ಲ ಅತ್ತೆ?”

“ಹೇಗೆ ಹೇಳ್ಲಿ ಮಗಳೇ? ನಂಗೆ ಅಂತ ಯಾರೂ ಇಷ್ಟು ಆಸೆಯಿಂದ ಏನೂ ತಂದಿರ್ಲಿಲ್ಲ. ನಿನ್ನ ಮುಖ ಸಣ್ಣಗಾಗೋದನ್ನ ನೋಡೋಕೆ ನನ್ನಿಂದ ಆಗ್ಲಿಲ್ಲ. ಹಿಡಿಕೆ ಒಂದು ಸರಿಹೋದ್ರೆ ಸಾಕು, ಹಾಕ್ಕೊಂಡು ಓಡಾಡ್ತೀನಿ ಅಂದ್ಕೊಂಡೆ.”

ಸೊಸೆಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಹಾಳಾಗಿ ಹೋಗಲಿ, ಇದನ್ನು ಬೇರೆ ಯಾರಿಗಾದರೂ ದಾಟಿಸಿಬಿಡೋಣ, ಹಾಕಿದ್ದಾದರೂ ಬರುತ್ತದೆ ಎಂದಳು. ಅಲ್ಲಿಯವರೆಗೆ ತಗ್ಗಿದ್ದ ಅತ್ತೆಯ ತಲೆ ಮೇಲೆದ್ದಿತು.

“ಬೇಡ. ತಗೊಳ್ಳೋಳ ಮನೇಲೂ ಒಬ್ಬ ಅತ್ತೆ ಇರ್ತಾಳೆ.”

ಸೊಸೆ ಆ ಯೋಚನೆ ಬಿಟ್ಟಳು. ನಾದಿನಿ ಹೇಳಿದ್ದು ಇನ್ನೂ ಕಷ್ಟದ ಸುದ್ದಿ. ವಾಪಸ್ ಕಳಿಸುವ ವಸ್ತು ಬಂದ ಹಾಗೆಯೇ ಇರಬೇಕು. ಈಗ ಮಾರಿದವನು, ನಾನು ಕೊಟ್ಟದ್ದು ಚೆನ್ನಾಗಿಯೇ ಇತ್ತು, ಇವರೇ ಬಿಚ್ಚಿ ಕೆಡಿಸಿದ್ದಾರೆ ಎನ್ನಬಹುದು. ಅತ್ತೆ, ತಮ್ಮ ಕೈಯಿಂದಲೇ ಸೊಸೆಯ ದುಡಿಮೆ ಹಾಳಾಯಿತು ಎಂದು ಆ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತರು.

ಆಗ ಸೊಸೆಗೆ ನೆನಪಾದದ್ದು ಆ ಸಿನಿಮಾ. ಫೋನು ತೆಗೆದು ಹಾಕಿದಳು. ಮೊಮ್ಮಗಳ ಕೂಗಾಟದ ನಡುವೆ ಬ್ಯಾಗು ತಿರುಗುತ್ತಿತ್ತು. ಓರೆ ಹೊಲಿಗೆ, ತಪ್ಪಿದ ದಾರ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಮೂವರೂ ಕೂತು ದೂರು ಬರೆದರು. ಹಿಡಿಕೆಯನ್ನು ಮನೆಯವರು ತಿಳಿಯದೆ ಹೊಲಿದಿದ್ದಾರೆ ಎಂಬುದನ್ನೂ ಮುಚ್ಚಿಡದೆ ಬರೆದು, ವಿಡಿಯೋ ಸೇರಿಸಿ, ಸಂಜೆಯೊಳಗೆ ಕಳಿಸಿದರು. ಆ್ಯಪಿನವರು ಬ್ಯಾಗನ್ನು ತರಿಸಿ ಪರಿಣತರಿಂದ ಪರೀಕ್ಷೆ ಮಾಡಿಸಿದರು. ಡೂಪ್ಲಿಕೇಟ್ ಎಂದು ಖಚಿತವಾಯಿತು. ಹಣ ವಾಪಸ್ ಬಂತು. ತಲೆಗೆ ಬಂದದ್ದು ಪೇಟಕ್ಕೆ ಹೋಯಿತು ಅನ್ನುತ್ತಾರಲ್ಲ, ಹಾಗೆ. ಅತ್ತೆಗಂತೂ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸೊಸೆ, ಮತ್ತೆ ಮನೆಗೆ ಬಂದ ನಾದಿನಿಯ ಎರಡೂ ಕೈ ಹಿಡಿದುಕೊಂಡು, ನೀನಿಲ್ಲದಿದ್ದರೆ ನಾನು ಮುಳುಗಿ ಹೋಗುತ್ತಿದ್ದೆ ಎಂದು ಹೇಳಿದ್ದನ್ನೇ ಹೇಳಿದಳು. ನಾದಿನಿಗೆ ನಾಚಿಕೆಯಾಗಿ, ಚಹಾ ಆರಿಹೋಯಿತು, ಇನ್ನೊಂದು ಲೋಟ ಕೊಡು ಎಂದಳು.

ಈ ಸಲ ಸೊಸೆ ಹುಡುಕಿದ್ದು ಬೇರೆ ರೀತಿ. ಮನೆಗೆ ಬರುವ ಮುಂಚೆಯೇ ಬ್ಯಾಗನ್ನು ಪರಿಣತರಿಂದ ಪರೀಕ್ಷೆ ಮಾಡಿಸಿಕೊಡುವ ಕಡೆ ಹುಡುಕಿದಳು. ನಾದಿನಿಯೇ ಹಾಗೆ ಹೇಳಿದ್ದಳು. ಒಳ್ಳೆಯ ನಕಲು ತನ್ನ ಕಣ್ಣಿಗೂ ಮಣ್ಣೆರಚುತ್ತದೆ, ಒಂದು ಹೊಲಿಗೆ ನೋಡಿ ಅಸಲಿ ನಕಲಿ ಹೇಳಲು ಬರುವುದಿಲ್ಲ ಎಂದಿದ್ದಳು. ಚಮಚ ಇಟ್ಟು ಫೋಟೋ ಕಳಿಸಿ ಎಂದು ಕೇಳಿದಾಗ ಈ ಸಲದ ಮಾರಾಟಗಾರ್ತಿ ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ. ಕೇಳದೆಯೇ ಒಳಗಿನ ಶಾಯಿ ಕಲೆಯನ್ನೂ ಸವೆದ ಮೂಲೆಯನ್ನೂ ತೋರಿಸಿದಳು.

ಬ್ಯಾಗು ಬಂತು. ವಿಡಿಯೋ ಆಯಿತು. ಸೊಸೆ ಅದನ್ನು ಅತ್ತೆಯ ಕೈಗಿಟ್ಟು ಎದುರಿಗೇ ಕೂತಳು.

“ಅತ್ತೆ, ಈಗ ನಿಜ ಹೇಳಿ. ಹೇಗಿದೆ?”

ಅತ್ತೆ ಕನ್ನಡಕ ಹಾಕಿಕೊಂಡರು. ಹಿಡಿಕೆ, ಮೂಲೆ, ಲೈನಿಂಗ್ ಎಲ್ಲ ಮುಟ್ಟಿ ನೋಡಿದರು.

“ಹೊಲಿಗೆಗೆ ಎರಡು ಮಾತಿಲ್ಲ. ಒಳಗಿನ ಜಿಪ್ ಬಿಗಿ ಇದೆ. ಬಣ್ಣ ಇನ್ನೊಂಚೂರು ಗಾಢ ಇದ್ದಿದ್ರೆ ಚೆನ್ನಾಗಿರ್ತಿತ್ತು ಕಣೆ.”

ಸೊಸೆ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಈ ಮನೆಗೆ ಬಂದಾಗಿನಿಂದ ಅವಳು ತಂದದ್ದರಲ್ಲಿ ಅತ್ತೆ ಒಂದು ಕುಂದು ಹೇಳಿದ್ದು ಇದೇ ಮೊದಲು. ಹೆತ್ತ ಮಗಳ ಹತ್ತಿರ ಮಾತನಾಡುವ ಹಾಗೆ ಮಾತನಾಡಿದರು ಎಂದು ಅವಳಿಗೆ ಅನ್ನಿಸಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬಳಸಿದ ವಸ್ತು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಕಣ್ಣು ಮುಚ್ಚಿ ಕೊಳ್ಳಬೇಡಿ. ಹೊಸ ಫೋಟೋ ಕೇಳಲು ಸಂಕೋಚಪಡಬೇಡಿ. ಆ್ಯಪಿನ ಹೊರಗೆ ಹಣ ಕೇಳಿದವರಿಗೆ ಅಲ್ಲಿಂದಲೇ ಕೈಮುಗಿಯಿರಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ, ಪರೀಕ್ಷೆ ಮುಗಿಯುವವರೆಗೆ ಬಂದದ್ದರ ಹೊಲಿಗೆ ಬಿಚ್ಚಲೂಬೇಡಿ, ಹೊಲಿಯಲೂಬೇಡಿ. ಅನುಮಾನ ಬಂದರೆ ಗಡುವಿನೊಳಗೆ ದೂರು ಕೊಡಿ. ಮೋಸ ಹೋದೆನೆಂದು ನಾಚಿ ಸುಮ್ಮನಾದರೆ ಮೋಸ ಮಾಡಿದವನಿಗೆ ಅದೇ ಬಂಡವಾಳ. ಮನೆಯಲ್ಲಿ ನಿಮ್ಮ ಮೇಲಿನ ಪ್ರೀತಿಗೆ ಬಾಯಿ ಮುಚ್ಚಿಕೊಂಡಿರುವವರು ಒಬ್ಬರಾದರೂ ಇರುತ್ತಾರೆ. ಇವತ್ತು ಅವರ ಎದುರು ಕೂತು, ನಾನು ತಂದದ್ದು ನಿಜವಾಗಿ ಹೇಗಿದೆ ಎಂದು ಕೇಳಿ.