ಕೆಂಪು ಹಗ್ಗದಾಚೆಯ ಕುರ್ಚಿ

ಬಾಗಿಲು ತೆರೆಯುವ ಮೊದಲು ಜುರೆಮಾ ಊಟದ ಮೇಜಿನ ಕುರ್ಚಿಗಳ ಧೂಳು ಒರೆಸಿ, ಸುತ್ತಲೂ ಕೆಂಪು ಹಗ್ಗ ಕಟ್ಟಿದಳು. ಹಾವಿನ ವಿಷಕ್ಕೆ ಮದ್ದು ಕಂಡುಹಿಡಿದ ಡಾಕ್ಟರ್ ಅನ್ಸೆಲ್ಮು ಬಾಳಿದ ಮನೆ ಅದು. ಈಗ ಬಹಿಯಾ ಪ್ರಾಂತ್ಯದ ಆ ನದೀತೀರದ ಊರಿನ ಹೆಮ್ಮೆಯ ಮ್ಯೂಸಿಯಂ. ಬಂದವರಿಗೆ ಮನೆ ತೋರಿಸುವ ಕೆಲಸ ಜುರೆಮಾಳಿಗೆ ಸಿಕ್ಕಿ ತಿಂಗಳೂ ಆಗಿರಲಿಲ್ಲ.

ಅಂದು ಪತ್ರಿಕೆಯವರು ಬರುವವರಿದ್ದರು. ಮ್ಯೂಸಿಯಂ ನಡೆಸುತ್ತಿದ್ದ ಡಾಕ್ಟರ ಮೊಮ್ಮಗಳು ಎಲ್ವಿರಾ, ಆ ಮನೆಯ ಹಳೆಯ ಅಡುಗೆಯವಳಾದ ಜೆನೆರೋಜಾಳನ್ನೂ ಕರೆಸಿದ್ದರು. ಜೆನೆರೋಜಾ ಜುರೆಮಾಳ ಸ್ವಂತ ಅಜ್ಜಿ.

“ಈ ಕೋಣೆಗೆ ಬಂದಾಗ, ‘ಜೆನೆರೋಜಾ ಮನೆಯವರ ಹಾಗೇ ಇದ್ದರು’ ಅಂತ ಹೇಳೋದು ಮರೀಬೇಡ,” ಎಂದರು ಎಲ್ವಿರಾ.

“ಅದೊಂದು ಮಾತು ನನ್ನ ಬಾಯಲ್ಲಿ ಬರಲ್ಲ ಮೇಡಂ. ಅಜ್ಜಿ ಮಲಗ್ತಿದ್ದದ್ದು ಅಡುಗೆಮನೆ ಹಿಂದಿನ ಕಿಟಕಿಯಿಲ್ಲದ ಕೋಣೇಲಿ. ಯಾರೂ ನೋಡಬಾರದು ಅಂತ ಅದಕ್ಕೆ ಬೀಗ ಹಾಕಿಸಿದ್ದೀರಿ.”

“ಅವಳ ಮಕ್ಕಳನ್ನ ಓದಿಸಿದ್ದು ನಮ್ಮಜ್ಜ. ಅವಳಿಗೆ ಹಾವು ಕಚ್ಚಿದಾಗ ಬೆಳಗಿನತನಕ ಪಕ್ಕದಲ್ಲೇ ಕೂತಿದ್ರು. ಅದೂ ಸುಳ್ಳಾ? ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೀಬೇಕು, ಹುಡುಗಿ.”

“ಈ ಮನೆ ಅಡುಗೆಗೆ ಉಪ್ಪು ಹಾಕಿದ್ದೇ ನಮ್ಮಜ್ಜಿ.”

ಎಲ್ವಿರಾ ಮುಖ ಬಿಗಿಯಿತು. “ಹೇಳಿದರೆ ಕೆಲಸ ಇರುತ್ತೆ. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಮುಂಬಾಗಿಲು ಹಾರುಹೊಡೆದಿದ್ದರೂ ಜೆನೆರೋಜಾ ಬಂದದ್ದು ಹಿತ್ತಲ ಬಾಗಿಲಿನಿಂದ. ಕಾಲಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಜುರೆಮಾ ಅಜ್ಜಿಯ ಕೈಹಿಡಿದು ಊಟದ ಕೋಣೆಗೆ ಕರೆತಂದಳು.

ಪತ್ರಿಕೆಯವರೊಂದಿಗೆ ಊಟದ ಕೋಣೆಗೆ ಬಂದ ಜುರೆಮಾ, ಆ ಮಾತು ಬರಬೇಕಾದಲ್ಲಿ ಸುಮ್ಮನಾಗಿಬಿಟ್ಟಳು. ಎಲ್ಲರೂ ಕಾದರು. ಕೆಲಸ ಹೋಯಿತೆಂದೇ ಅವಳು ತಿಳಿದಳು. ಎಲ್ವಿರಾ ಅವಳನ್ನು ದುರುಗುಟ್ಟಿ ನೋಡಿ, ನಗು ತಂದುಕೊಂಡು, ಮುದುಕಿಯ ಹೆಗಲ ಮೇಲೆ ಕೈಯಿಟ್ಟರು.

“ಇವರು ನಮ್ಮ ಮನೆಯವರೇ!”

ಜೆನೆರೋಜಾ ತಾನು ಎತ್ತಿ ಆಡಿಸಿದ ಎಲ್ವಿರಾರನ್ನು ಇಂದಿಗೂ ಮುದ್ದಿನ ಹೆಸರಿನಿಂದಲೇ ಕರೆಯುತ್ತಿದ್ದಳು. “ಹೌದಾ ವಿರೀನ್ಯಾ? ಹಾಗಿದ್ರೆ ಇದ್ರಲ್ಲಿ ನನ್ನ ಕುರ್ಚಿ ಯಾವ್ದು ಮಗಳೇ?”

ದನಿಯಲ್ಲಿ ಕೊಂಕಿರಲಿಲ್ಲ. ಎಲ್ವಿರಾ ಒಂದೊಂದೇ ಕುರ್ಚಿ ನೋಡಿದರು. ಅಜ್ಜನದು, ಅಜ್ಜಿಯದು, ಅಪ್ಪನದು, ತಮ್ಮದು. ಕುರ್ಚಿಗಳ ಹಿಂದೆ ಪಾತ್ರೆ ಹಿಡಿದು ನಿಂತ ಜೆನೆರೋಜಾ ನೆನಪಿಗೆ ಬಂದಳು. ಕೂತ ಜೆನೆರೋಜಾ ಮಾತ್ರ ನೆನಪಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರಿಗೆ ನಾಚಿಕೆಯಾಯಿತು.

ಎಲ್ವಿರಾ ಹಗ್ಗ ಬಿಚ್ಚಿ ತಮ್ಮ ಕುರ್ಚಿಯನ್ನು ಎಳೆದರು. “ಕೂತ್ಕೊಳ್ಳಿ.”

ಜೆನೆರೋಜಾ ಜುರೆಮಾಳ ಮುಖ ನೋಡಿ, ಅಂಚಿನಲ್ಲಿ ಕೂತಳು. ಕಾಫಿ ತರಲು ಜುರೆಮಾ ಹೊರಟಾಗ ಎಲ್ವಿರಾ ತಡೆದರು. “ನೀನಿರು, ನಾನು ತರ್ತೀನಿ.”

ಅಡುಗೆಮನೆಯಲ್ಲಿ ಕಪಾಟುಗಳು ತೆರೆದು ಮುಚ್ಚುವ ಸದ್ದು ಕೇಳಿಸಿತು. “ಸಕ್ಕರೆ ಎಲ್ಲಿದೆ?”

“ಎಡಗಡೆ ಗೂಡಲ್ಲಿ ನೋಡು ಮಗಳೇ,” ಎಂದಳು ಜೆನೆರೋಜಾ, ಕೂತಲ್ಲಿಂದಲೇ.

ಎಲ್ವಿರಾ ಕಾಫಿಯನ್ನು ಮುದುಕಿಯ ಮುಂದಿಟ್ಟು, ಇನ್ನೊಂದು ಕೈಯಲ್ಲಿದ್ದ ಬೀಗದ ಕೈಯನ್ನು ಜುರೆಮಾಳಿಗೆ ಕೊಟ್ಟರು.

“ನಾಳೆಯಿಂದ ಮನೆ ತೋರಿಸೋದನ್ನ ಆ ಹಿಂದಿನ ಕೋಣೆಯಿಂದಲೇ ಶುರು ಮಾಡು.”